ಉತ್ತರ ಬಂತು, ಲೆಕ್ಕ ಬಂತೇ?

ಹೈಸ್ಕೂಲಿಗೆ ಕಾಲಿಟ್ಟ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಹೊಸ ಒಗಟು. ಹೋಮ್‌ವರ್ಕ್‌ನಲ್ಲಿ ಲೆಕ್ಕವೆಲ್ಲ ಸರಿ, ಕ್ಲಾಸ್ ಟೆಸ್ಟ್‌ನಲ್ಲಿ ಮಾತ್ರ ಅರ್ಧಕ್ಕರ್ಧ ತಪ್ಪು. ವಿಚಾರಿಸಿದರೆ ಫೋನಿನಲ್ಲಿ ಗಣಿತದ ಆ್ಯಪ್ ಒಂದು ಕೂತಿರುತ್ತದೆ. ಅದನ್ನು ತೆಗೆಸಬೇಕೋ, ದುಡ್ಡು ಕೊಟ್ಟು ಪೂರ್ತಿ ಆವೃತ್ತಿ ಕೊಡಿಸಬೇಕೋ ಎಂದು ಅಪ್ಪ–ಅಮ್ಮ ತಲೆ ಕೆಡಿಸಿಕೊಳ್ಳುತ್ತಾರೆ. ಸ್ಟೋರ್‌ನಲ್ಲಿ ಕಾಣುವ ನಕ್ಷತ್ರಗಳನ್ನು ನಂಬಿ ತೀರ್ಮಾನಿಸುವಂತಿಲ್ಲ. ಹೋಮ್‌ವರ್ಕ್ ಬೇಗ ಮುಗಿಸಿಕೊಡುವ ಆ್ಯಪ್‌ಗೂ ಮಕ್ಕಳು ಖುಷಿಯಿಂದ ಐದು ನಕ್ಷತ್ರ ಕೊಡುತ್ತಾರೆ. ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡರೆ ನೀವೇ ಪರೀಕ್ಷಿಸಬಹುದು. ನಿಮ್ಮ ಗಣಿತ ಅರ್ಧ ಮರೆತುಹೋಗಿದ್ದರೂ ಪರವಾಗಿಲ್ಲ.

ಯಾವ ಕೆಲಸದ ಆ್ಯಪ್?

ಗಣಿತದ ಆ್ಯಪ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಲೆಕ್ಕ ಬಿಡಿಸಿಕೊಡುವುದು. 2014ರಲ್ಲಿ ಬಂದ ಫೋಟೋಮ್ಯಾತ್ ಇಂಥದ್ದು. ಪುಸ್ತಕದ ಮೇಲೆ ಕ್ಯಾಮೆರಾ ಹಿಡಿದರೆ ಹಂತ ಹಂತವಾಗಿ ಬಿಡಿಸಿ ತೋರಿಸುತ್ತದೆ. ಎರಡು, ಪಾಠ ಹೇಳಿ ಅಭ್ಯಾಸ ಮಾಡಿಸುವುದು. ಸಲ್ಮಾನ್ ಖಾನ್ ದೂರದೂರಿನ ಸೋದರಸಂಬಂಧಿಗೆ ಗಣಿತ ಹೇಳಿಕೊಡುತ್ತಾ ಶುರುವಾದ, 2008ರಲ್ಲಿ ಲಾಭರಹಿತ ಸಂಸ್ಥೆಯಾದ ಖಾನ್ ಅಕಾಡೆಮಿ ಈ ಗುಂಪಿನದು. ಮೂರು, ಚಿತ್ರ ಬಿಡಿಸಿ ತೋರಿಸುವುದು. ಡೆಸ್ಮೋಸ್ ಮತ್ತು ಜಿಯೋಜೀಬ್ರಾದಲ್ಲಿ ಸಮೀಕರಣ ಬರೆದರೆ ನಕ್ಷೆ ತಾನೇ ಮೂಡುತ್ತದೆ, ಸಂಖ್ಯೆ ಬದಲಿಸಿದರೆ ಗೆರೆ ವಾಲುವುದು, ಬಾಗುವುದು ಕಣ್ಣಿಗೆ ಕಾಣುತ್ತದೆ.

ಮೂರೂ ಒಳ್ಳೆಯವೇ, ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಪಾಠವೇ ಅರ್ಥವಾಗದ ಮಗುವಿನ ಕೈಗೆ ಲೆಕ್ಕ ಬಿಡಿಸುವ ಆ್ಯಪ್ ಕೊಟ್ಟರೆ ಅದು ನಕಲಿನ ಯಂತ್ರವಾಗುತ್ತದೆ. ಪಾಠ ಗೊತ್ತಿದ್ದು ಒಂದು ಹಂತದಲ್ಲಿ ಸಿಕ್ಕಿಬಿದ್ದ ಮಗುವಿಗೆ ಅದೇ ಆ್ಯಪ್ ರಾತ್ರಿ ಹತ್ತಕ್ಕೆ ಸಿಗುವ ಮೇಷ್ಟ್ರು.

ಶಾಲೆಯ ದಾರಿ, ಶಾಲೆಯ ಮಾತು

ನಾವು ಊರಲ್ಲಿ ವರ್ಗ ಸಮೀಕರಣವನ್ನು ಮಧ್ಯಪದ ಒಡೆದು ಬಿಡಿಸುತ್ತಿದ್ದೆವು. ಜರ್ಮನಿಯ ಅನೇಕ ಶಾಲೆಗಳಲ್ಲಿ ಮೊದಲು ಕಲಿಸುವುದು ಪೀ-ಕ್ಯೂ ಸೂತ್ರ. ಅಲ್ಲಿ ಮೂರೂವರೆಯನ್ನು 3,5 ಎಂದು ಅಲ್ಪವಿರಾಮ ಹಾಕಿ ಬರೆಯುತ್ತಾರೆ. ಅಮೆರಿಕದಲ್ಲಿ ‘ಸ್ಲೋಪ್’ ಎನ್ನುವುದು ಬ್ರಿಟನ್ನಿನಲ್ಲಿ ‘ಗ್ರೇಡಿಯೆಂಟ್’. ಅಲ್ಲಿ ‘ಟ್ರೆಪಿಜಾಯಿಡ್’ ಆದದ್ದು ಇಲ್ಲಿ ‘ಟ್ರೆಪೀಜಿಯಂ’. ಮಗುವಿನ ನೋಟ್‌ಬುಕ್ಕಿನಿಂದ ಇತ್ತೀಚಿನ ಐದು ಲೆಕ್ಕ ಆರಿಸಿ ಆ್ಯಪ್‌ಗೆ ಹಾಕಿ. ಟೀಚರ್ ತೋರಿಸಿದ ವಿಧಾನವನ್ನು ಆರಿಸಿಕೊಳ್ಳಲು ಅದು ಬಿಡುತ್ತದೆಯೇ ನೋಡಿ. ಶಾಲೆಯಲ್ಲಿ ಒಂದು ದಾರಿ, ಆ್ಯಪ್‌ನಲ್ಲಿ ಇನ್ನೊಂದು, ಅಪ್ಪನದು ಮತ್ತೊಂದು ಆದರೆ ಮಗು ಮೂರನ್ನೂ ಬಿಟ್ಟು ಉತ್ತರ ಮಾತ್ರ ಬರೆದುಕೊಳ್ಳುತ್ತದೆ.

ಒಂದು ಸುಳ್ಳು ಉತ್ತರದ ಲೆಕ್ಕ

ಈಗ ಈ ಲೆಕ್ಕ ಕೊಡಿ: √(ಎಕ್ಸ್ + 3) = ಎಕ್ಸ್ − 3. ಎರಡೂ ಬದಿಯನ್ನು ವರ್ಗ ಮಾಡಿ ಬಿಡಿಸಿದರೆ 6 ಮತ್ತು 1 ಎಂಬ ಎರಡು ಸಂಖ್ಯೆ ಬರುತ್ತವೆ. 6 ಹಾಕಿ ತಾಳೆ ನೋಡಿ. ಎಡಗಡೆ 9ರ ವರ್ಗಮೂಲ, ಅಂದರೆ 3, ಬಲಗಡೆಯೂ 3. ಸರಿಹೋಯಿತು. 1 ಹಾಕಿದರೆ ಎಡಗಡೆ 2, ಬಲಗಡೆ −2. ಆದ್ದರಿಂದ 1 ಉತ್ತರವಲ್ಲ. 2ರ ವರ್ಗವೂ −2ರ ವರ್ಗವೂ 4 ಆಗಿರುವುದರಿಂದ, ವರ್ಗ ಮಾಡುವ ಹಂತದಲ್ಲಿ ಈ ಸುಳ್ಳು ಉತ್ತರ ಒಳಗೆ ನುಸುಳಿದೆ. ಸಾಧಾರಣ ಆ್ಯಪ್ 6 ಎಂದು ಹೇಳಿ ಸುಮ್ಮನಾಗುತ್ತದೆ. ಒಳ್ಳೆಯದು ತಾಳೆ ನೋಡಿ ತೋರಿಸುತ್ತದೆ, 1ನ್ನು ಏಕೆ ಬಿಡಬೇಕು ಎಂದೂ ವಿವರಿಸುತ್ತದೆ.

ಅಭ್ಯಾಸ ಮಾಡಿಸುವ ಆ್ಯಪ್ ಆದರೆ ಬೇಕೆಂದೇ ತಪ್ಪು ಉತ್ತರ ಕೊಡಿ. (ಎಕ್ಸ್ + 3)² ಬಿಡಿಸಲು ಕೇಳಿದಾಗ ಎಷ್ಟೋ ಮಕ್ಕಳು ಎಕ್ಸ್² + 9 ಎಂದು ಬರೆಯುತ್ತಾರೆ, ನಡುವಿನ 6ಎಕ್ಸ್ ಬಿಟ್ಟುಬಿಡುತ್ತಾರೆ. ಕೆಂಪು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹಾರುವ ಆ್ಯಪ್‌ನಿಂದ ಹೆಚ್ಚು ಪ್ರಯೋಜನವಿಲ್ಲ. ತಪ್ಪಿದ್ದು ಎಲ್ಲಿ ಎಂದು ತೋರಿಸಿ, ಅದೇ ಬಗೆಯ ಇನ್ನೊಂದು ಲೆಕ್ಕ ಕೊಟ್ಟರೆ ಅದಕ್ಕೆ ದುಡ್ಡು ಕೊಡುವ ಯೋಚನೆ ಮಾಡಬಹುದು. ಎಐ ಚಾಟ್ ಇರುವ ಆ್ಯಪ್‌ಗೆ ಇನ್ನೊಂದು ಪರೀಕ್ಷೆಯಿದೆ. ಅದು ಸರಿಯಾದ ಉತ್ತರ ಕೊಟ್ಟ ಮೇಲೆ “ಇದು ತಪ್ಪಲ್ಲವೇ?” ಎಂದು ಕೇಳಿ. ಕ್ಷಮೆ ಕೇಳಿ ಉತ್ತರ ಬದಲಿಸಿದರೆ ಅದನ್ನು ಮೇಷ್ಟ್ರ ಜಾಗದಲ್ಲಿ ಕೂರಿಸಬೇಡಿ.

ಫೋನ್ ಮುಚ್ಚಿ, ಕನ್ನಡದಲ್ಲಿ ಹೇಳಿಸಿ

ಕಡೆಯ ಪರೀಕ್ಷೆ ನಮ್ಮ ಮನೆಗಳಿಗೇ ಹೇಳಿಮಾಡಿಸಿದಂತಿದೆ. ಆ್ಯಪ್ ನೋಡಿ ಬಿಡಿಸಿದ ಲೆಕ್ಕವನ್ನು ಫೋನ್ ಪಕ್ಕಕ್ಕಿಟ್ಟು ಕನ್ನಡದಲ್ಲಿ ಹೇಳಲು ಕೇಳಿ.

“ಯಾಕೋ ಪುಟ್ಟ, ಇಲ್ಲಿ ಎರಡೂ ಕಡೆ ವರ್ಗ ಮಾಡಿದ್ದು?”

“ಸ್ಕ್ವೇರ್ ರೂಟ್ ಹೋಗ್ಬೇಕಲ್ಲಮ್ಮ, ಅದಕ್ಕೆ.”

ಇಷ್ಟು ಬಂದರೆ ಸಾಕು. ‘ಸ್ಕ್ವೇರ್ ರೂಟ್’ ಇಂಗ್ಲಿಷಿನಲ್ಲೇ ಇರಲಿ, ‘ಅದಕ್ಕೆ’ ಕನ್ನಡದಲ್ಲಿ ಬಂತಲ್ಲ. ಆ್ಯಪ್‌ನ ವಾಕ್ಯವನ್ನು ಬಾಯಿಪಾಠ ಮಾಡಿ ಒಪ್ಪಿಸಬಹುದು. ಇನ್ನೊಂದು ಭಾಷೆಗೆ ತರಬೇಕೆಂದರೆ ಅರ್ಥ ಆಗಿರಲೇಬೇಕು. ಮಗು ತಡವರಿಸಿದಾಗ ಕಾರಣ ಗಣಿತವೋ ಕನ್ನಡವೋ ಎಂದು ತಿಳಿಯದೆ ಹೋದರೆ ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿ. ಅದರಲ್ಲೂ ತಡವರಿಸಿದರೆ ಆ ಹಂತ ಇನ್ನೂ ಕಲಿತಿಲ್ಲ ಎಂದರ್ಥ. ‘ತಾಳೆ ನೋಡು’, ‘ಅಪವರ್ತನ’, ‘ಇಳಿಜಾರು’ ಇಂಥ ಮಾತುಗಳನ್ನು ನೀವು ಬಳಸುತ್ತಿದ್ದರೆ ನಿಧಾನಕ್ಕೆ ಅವರ ಕಿವಿಗೂ ಬೀಳುತ್ತವೆ. ನಿಮಗೇ ಮರೆತಿದ್ದರೆ ಖಾನ್ ಅಕಾಡೆಮಿಯಲ್ಲಿ ಕನ್ನಡದ ಗಣಿತ ಪಾಠಗಳೂ ಇವೆ. ಹಿಂದಿನ ದಿನ ಒಮ್ಮೆ ನೋಡಿಕೊಳ್ಳಬಹುದು.

ಪರೀಕ್ಷೆ, ದುಡ್ಡು, ಮಾಹಿತಿ

ಮಗು ಬರೆಯಲಿರುವ ಪರೀಕ್ಷೆಯ ನಿಯಮ ತಿಳಿದುಕೊಳ್ಳಿ. ಈಗಿನ ಡಿಜಿಟಲ್ ಎಸ್‌ಎಟಿಯಲ್ಲಿ ಡೆಸ್ಮೋಸ್ ಕ್ಯಾಲ್ಕುಲೇಟರ್ ಒಳಗೇ ಇದೆ, ಅದನ್ನು ಚೆನ್ನಾಗಿ ಬಳಸಲು ಕಲಿತರೆ ನೇರ ಲಾಭ. ಇಂಗ್ಲೆಂಡಿನ ಜಿಸಿಎಸ್‌ಇ ಗಣಿತದಲ್ಲಿ ಮೂರು ಪತ್ರಿಕೆಗಳಲ್ಲಿ ಒಂದಕ್ಕೆ ಕ್ಯಾಲ್ಕುಲೇಟರ್ ಮುಟ್ಟುವಂತಿಲ್ಲ. ಅಲ್ಲಿ ಓದುವ ಮಗುವಿಗೆ ವಾರದಲ್ಲಿ ಕೆಲವು ದಿನವಾದರೂ ಬರೀ ಪೆನ್ಸಿಲು, ಕಾಗದ ಇರಲಿ.

ಉಚಿತ ಅವಧಿ ಮುಗಿದೊಡನೆ ಹಣ ತಾನೇ ಕಡಿತವಾಗುವ ಆ್ಯಪ್‌ಗಳೇ ಹೆಚ್ಚು. ಮುಗಿಯುವ ದಿನಕ್ಕೆ ಎರಡು ದಿನ ಮುಂಚೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ, ಸ್ಟೋರ್‌ನ ಖಾತೆಗೆ ಹೋಗಿ ರದ್ದು ಮಾಡಬೇಕು. ಮಾಹಿತಿಯ ವಿಷಯದಲ್ಲೂ ಎಚ್ಚರ ಬೇಕು. ಅಮೆರಿಕದ ಮಕ್ಕಳ ಆನ್‌ಲೈನ್ ಗೋಪ್ಯತಾ ಕಾನೂನು ‘ಕೊಪ್ಪಾ’ 13 ವರ್ಷದೊಳಗಿನವರಿಗೆ ಮಾತ್ರ. ಹೈಸ್ಕೂಲಿನ ಹೆಚ್ಚಿನ ಮಕ್ಕಳು ಅದರ ಹೊರಗೆ. ಮಾಹಿತಿ ಬಳಕೆಗೆ ಮಗು ತಾನೇ ಒಪ್ಪಿಗೆ ಕೊಡಬಹುದಾದ ವಯಸ್ಸು ಜರ್ಮನಿಯಲ್ಲಿ 16, ಬ್ರಿಟನ್ನಿನಲ್ಲಿ 13. ಕ್ಯಾಮೆರಾ ಬೇಕೆಂದರೆ ಸರಿ. ಗಣಿತದ ಆ್ಯಪ್‌ಗೆ ಕಾಂಟ್ಯಾಕ್ಟ್‌ಗಳೂ ಲೊಕೇಶನ್ನೂ ಯಾಕೆ?

ಇಷ್ಟಾದ ಮೇಲೆ ಆ್ಯಪ್ ಉಳಿಸಿಕೊಂಡಿರಾದರೆ ಮನೆಯಲ್ಲಿ ಒಂದೇ ನಿಯಮ ಇರಲಿ: ಮೊದಲು ಹತ್ತು ನಿಮಿಷ ಕಾಗದದ ಮೇಲೆ ಸ್ವಂತ ಪ್ರಯತ್ನ, ಆಮೇಲೆ ಆ್ಯಪ್, ಕೊನೆಗೆ ಅದೇ ಬಗೆಯ ಒಂದು ಲೆಕ್ಕ ಆ್ಯಪ್ ಇಲ್ಲದೆ. ತಿಂಗಳ ನಂತರದ ಕ್ಲಾಸ್ ಟೆಸ್ಟ್ ಉತ್ತರಪತ್ರಿಕೆಯನ್ನು ಹೋಮ್‌ವರ್ಕ್ ಪಕ್ಕದಲ್ಲಿಟ್ಟು ನೋಡಿ. ಎರಡರ ನಡುವಿನ ಅಂತರ ಕಡಿಮೆಯಾಗಿದ್ದರೆ ಚಂದಾ ಮುಂದುವರಿಸಿ, ಇಲ್ಲದಿದ್ದರೆ ಆ ದುಡ್ಡು ಬೇರೆಯದಕ್ಕೆ ಆದೀತು.