ಹೊಡೆಯಬೇಡ ಎಂದು ಹೊಡೆಯುವವರು

ಮೂರು ವರ್ಷದ ಹುಡುಗ ಅಂಗನವಾಡಿಯಲ್ಲಿ ಪಕ್ಕದ ಮಗುವಿಗೆ ಹೊಡೆದನೆಂದು ದೂರು ಬರುತ್ತದೆ. "ಯಾಕಲೇ ಹೊಡೆದಿ?" ಎನ್ನುತ್ತಲೇ ಅಪ್ಪ ಅವನ ಕೆನ್ನೆಗೆ ಬಾರಿಸುತ್ತಾನೆ. ಹೊಸಪೇಟೆಯ ಗಲ್ಲಿಯಲ್ಲಿರಲಿ, ಕಂಪ್ಲಿಯ ಹಳ್ಳಿಯಲ್ಲಿರಲಿ, ಇದು ನಮಗೆ ವಿಚಿತ್ರವೆನಿಸುವುದಿಲ್ಲ. ಆದರೆ ಆ ಮಗು ಕಲಿತದ್ದೇನು? ಹೊಡೆಯುವುದು ತಪ್ಪು ಎಂದಲ್ಲ. ದೊಡ್ಡವನಿಗೆ ಹೊಡೆಯುವ ಹಕ್ಕಿದೆ, ತಾನಿನ್ನೂ ಸಣ್ಣವನು ಎಂದು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ಹೊಡೆಯುವವರೆಲ್ಲ ತಮ್ಮ ಸಾಕ್ಷಿಗೆ ಕರೆಯುತ್ತಾರೆ. ಗಿಡವನ್ನು ಬಡಿದು ಬಗ್ಗಿಸಿದವರನ್ನು ಯಾರಾದರೂ ಕಂಡಿದ್ದೀರಾ? ಅದಕ್ಕೆ ಕೋಲಿನ ಆಸರೆ ಕೊಡುತ್ತಾರೆ, ದಾರ ಕಟ್ಟುತ್ತಾರೆ, ನೀರೆರೆಯುತ್ತಾರೆ. ಹಂಪೆಯ ಹರಿಹರ ಕವಿ ತನ್ನ ಸೋದರಳಿಯ ರಾಘವಾಂಕನಿಗೆ ಪಾದರಕ್ಷೆಯಿಂದ ಹೊಡೆದಾಗ ಹಲ್ಲುದುರಿದವೆಂಬ ಐತಿಹ್ಯವನ್ನು ಗುರುವಿನ ಮಹಿಮೆಯ ಕತೆಯಾಗಿ ಹೇಳುತ್ತಾ ಬಂದಿದ್ದೇವೆ. ಮದ್ರಸಾದಲ್ಲಿ ಉಸ್ತಾದರ ಬೆತ್ತವನ್ನೂ ಹೀಗೆಯೇ ಹೊಗಳುತ್ತೇವೆ. ಏಟಿಗೆ ಪುಣ್ಯದ ಬಣ್ಣ ಬಳಿಯುವುದರಲ್ಲಿ ನಮ್ಮಲ್ಲಿ ಜಾತಿ, ಧರ್ಮದ ಭೇದವಿಲ್ಲ.

ಕೆನಡಾದ ಸಂಶೋಧಕ ರಿಚರ್ಡ್ ಟ್ರೆಂಬ್ಲೆ ಮತ್ತವರ ಸಂಗಡಿಗರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಒಂದು ಸಂಗತಿ ಕಂಡುಕೊಂಡರು. ಹೊಡೆಯುವುದು, ಕಚ್ಚುವುದು, ತಳ್ಳುವುದು ಎರಡು ಮೂರು ವರ್ಷದ ಆಸುಪಾಸಿನಲ್ಲೇ ಅತಿ ಹೆಚ್ಚು. ಬಳಿಕ ಬಹುತೇಕ ಮಕ್ಕಳಲ್ಲಿ ಅದು ಇಳಿಯುತ್ತದೆ. ಅಂದರೆ ಮಗು ಕಲಿಯಬೇಕಾದದ್ದು ಹೊಡೆಯದಿರುವುದನ್ನು. ಅದನ್ನು ಕಲಿಸಬೇಕಾದವರೇ ಕೈ ಎತ್ತಿದರೆ? 2016ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಐವತ್ತು ವರ್ಷಗಳ 75 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸುಮಾರು 1.6 ಲಕ್ಷ ಮಕ್ಕಳ ಲೆಕ್ಕ ಅದು. ಏಟು ತಿಂದ ಮಕ್ಕಳಲ್ಲಿ ವಿಧೇಯತೆ ಹೆಚ್ಚಿರಲಿಲ್ಲ, ಆಕ್ರಮಣಶೀಲತೆ ಹೆಚ್ಚಿತ್ತು.

ಹಾಗಾದರೆ ಕೇಳಿದ್ದೆಲ್ಲ ಕೊಟ್ಟು, ಅತ್ತಾಗ ಮೊಬೈಲ್ ಕೈಗಿಟ್ಟು ಸಾಕಬೇಕೇ? ಅದೂ ಅಲ್ಲ. ಅತ್ತು ಗೆಲ್ಲಬಹುದೆಂದು ತಿಳಿದ ಮಗು ಹೊಡೆದೂ ಗೆಲ್ಲಲು ನೋಡುತ್ತದೆ. ಹೊಡೆಯಲು ಬಂದ ಕೈಯನ್ನು ಮೆಲ್ಲಗೆ ಹಿಡಿಯಬೇಕು, "ಬೇಡ" ಎನ್ನಬೇಕು, ಕಾರಣ ಹೇಳಬೇಕು, ನಾಳೆಯೂ ಅದೇ ಮಾತಿಗೆ ನಿಲ್ಲಬೇಕು. ಕಷ್ಟದ ಕೆಲಸವಿದು. ಏಟು ಸುಲಭ.

ಸಂಡೂರಿನ ಗಣಿಯಲ್ಲಿ ಪಾಳಿ ಮುಗಿಸಿ ಬಂದ ತಂದೆಗೆ, ಕಂಪ್ಲಿಯ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡಿದ ತಾಯಿಗೆ ತಾಳ್ಮೆ ಉಳಿದಿರುವುದಿಲ್ಲ, ನಿಜ. ಮೇಸ್ತ್ರಿಯ ಮೇಲಿನ ಸಿಟ್ಟು ತಿರುಗಿ ಹೊಡೆಯಲಾಗದ ಕೂಸಿನ ಮೇಲೆ ಇಳಿಯುತ್ತದೆ. ಅದನ್ನು ದಣಿವು ಎನ್ನೋಣ, ಶಿಸ್ತು ಎನ್ನುವುದು ಬೇಡ. ಇನ್ನು ಅಂಕಕ್ಕಾಗಿ ಮಕ್ಕಳನ್ನು ಬಡಿಯುವ ಉಳ್ಳವರಿಗೆ ಆ ನೆಪವೂ ಇಲ್ಲ.

ತನಗೆ ಹತ್ತು ಮಕ್ಕಳಿದ್ದರೂ ಒಬ್ಬರಿಗೂ ಮುತ್ತಿಟ್ಟಿಲ್ಲ ಎಂದವನಿಗೆ, ಕರುಣೆ ತೋರದವನಿಗೆ ಕರುಣೆ ಸಿಗದು ಎಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದರು. ಜುಮಾ ಪ್ರವಚನಗಳಲ್ಲಿ ಈ ಹದೀಸ್ ಎಷ್ಟು ಬಾರಿ ಕೇಳಿಬರುತ್ತದೆ?

ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಆ ಕಲಂ ಮನೆಯ ಹೊಸ್ತಿಲು ದಾಟುವುದಿಲ್ಲ. ದುಡಿಯುವ ತಾಯಂದಿರ ಕೂಸುಗಳಿಗಾಗಿ 4,000 ಗ್ರಾಮ ಪಂಚಾಯತ್‌ಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸರಕಾರ 2023ರಲ್ಲಿ ಘೋಷಿಸಿತು. ನಮ್ಮ ಪಂಚಾಯತ್‌ನಲ್ಲಿ ಅದು ನಡೆಯುತ್ತಿದೆಯೇ ಎಂದು ವಿಚಾರಿಸೋಣ. ಅಂಗನವಾಡಿಯ ತಾಯಂದಿರ ಸಭೆಗೆ ತಂದೆಯರೂ ಹೋಗಲಿ. ಊರಿನ ಹಿಂಸೆಯ ಬಗ್ಗೆ ಭಾಷಣ ಮಾಡುವ ನಾವು ಮೊದಲು ನಮ್ಮ ಮನೆಯೊಳಗೆ ಕೈ ಇಳಿಸೋಣ.