ಪರಂಗಿಮಲೆಯೂ ಬಿಳಿಗಿರಿಯೂ

ತಾಂಬರಂ ಕಡೆಗೆ ಲೋಕಲ್ ರೈಲಿನಲ್ಲಿ ಓಡಾಡುವ ನಮ್ಮ ಕನ್ನಡ ಬಾಂಧವರಿಗೆ ಪರಂಗಿಮಲೆ, ಪಲ್ಲಾವರಂ ಹೊಸ ಹೆಸರುಗಳಲ್ಲ. ಆದರೆ ಅಲ್ಲಿನ ಗುಡ್ಡಗಳ ಕರಿಬಂಡೆಗಳನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಅವು ಭೂಮಿಯ ಒಡಲಾಳದಿಂದ ಮೇಲೆ ಬಂದವು ಎಂದರೆ ನಂಬುತ್ತೀರಾ?

ನೀಲಿ ಬೆರೆತ ಬೂದು ಬಣ್ಣದ, ಎಣ್ಣೆ ಸವರಿದಂತೆ ಕಾಣುವ ಈ ಕಲ್ಲಿನ ಹೆಸರು ಚಾರ್ನೊಕೈಟ್. ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್‌ನ ಗೋರಿಗಲ್ಲು ಕಲ್ಕತ್ತೆಯಲ್ಲಿದೆ. ಭೂವಿಜ್ಞಾನಿ ಥಾಮಸ್ ಹಾಲೆಂಡ್ ಅದನ್ನು ಪರೀಕ್ಷಿಸಿ, 1893ರಲ್ಲಿ ಆ ಬಗೆಯ ಶಿಲೆಗೆ ಚಾರ್ನಾಕ್‌ನ ಹೆಸರನ್ನೇ ಇಟ್ಟರು. ಹೆಸರು ಬಂದದ್ದು ಕಲ್ಕತ್ತೆಯಿಂದ. ಕಲ್ಲಿನ ತವರು ಮಾತ್ರ ನಮ್ಮ ಪಲ್ಲಾವರಂ!

ಸುಮಾರು 250 ಕೋಟಿ ವರ್ಷಗಳ ಹಿಂದಿನ ಮಾತು. ಭೂಮಿಯ ಹೊರಚಿಪ್ಪಿನ ಭಾಗಗಳು ಒಂದನ್ನೊಂದು ಒತ್ತಿ, ಮಡಿಸಿಕೊಂಡು ದಪ್ಪವಾದವು. ಹತ್ತಾರು ಕಿಲೋಮೀಟರ್ ಆಳಕ್ಕೆ ಇಳಿದ ಶಿಲೆ 700 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಬೆಂದು, ನೀರಿನಂಶ ಕಳೆದುಕೊಂಡು, ಹೊಸ ಹರಳುಗಳನ್ನು ಕಟ್ಟಿಕೊಂಡಿತು. ಹಾಗಾದರೆ ಮೇಲೆ ಬಂದದ್ದು ಹೇಗೆ? ಸರಕು ಇಳಿಸಿದಂತೆಲ್ಲ ದೋಣಿ ಮೇಲೇಳುವುದಿಲ್ಲವೇ? ಹಾಗೆಯೇ ಮಳೆ, ಗಾಳಿ, ಹೊಳೆಗಳು ಮೇಲಿನ ಪದರಗಳನ್ನು ಸವೆಸಿದಂತೆಲ್ಲ ಕೆಳಗಿನದು ಮೇಲೆದ್ದಿತು. ಸುತ್ತಲಿನ ಭಾಗ ಸವೆದುಹೋಗಿ, ಗಟ್ಟಿಯಾದದ್ದು ಗುಡ್ಡವಾಗಿ ಉಳಿಯಿತು.

ನಮ್ಮ ನಾಡಿನಲ್ಲೂ ಇದೇ ಕಥೆ. ಚಿತ್ರದುರ್ಗದಿಂದ ದಕ್ಷಿಣಕ್ಕೆ ಬಿಳಿಗಿರಿರಂಗನ ಬೆಟ್ಟದವರೆಗೆ ಹೋದರೆ, ಹೆಚ್ಚು ಹೆಚ್ಚು ಆಳದಲ್ಲಿ ರೂಪುಗೊಂಡ ಶಿಲೆಗಳು ಸಿಗುತ್ತವೆ. ಬೆಟ್ಟ ಹತ್ತುತ್ತ ಪಾತಾಳಕ್ಕೆ ಇಳಿದಂತೆ! ಬಿಳಿಗಿರಿಯ ಬಂಡೆಯೂ ಚಾರ್ನೊಕೈಟೇ. ದಾರಿಯಲ್ಲಿ ಕನಕಪುರದ ಬಳಿಯ ಕಬ್ಬಾಳದುರ್ಗದಲ್ಲಿ ಬೂದುಬಣ್ಣದ ಕಲ್ಲಿನ ನಡುವೆ ಕಪ್ಪು ತೇಪೆಗಳಿವೆ. ಅಲ್ಲಿ ಸಾಮಾನ್ಯ ಶಿಲೆ ಚಾರ್ನೊಕೈಟ್ ಆಗುತ್ತಿದ್ದ ಹಂತವೇ ಉಳಿದಿದೆಯೆಂದು 1960ರಲ್ಲಿ ಲೋಕಕ್ಕೆ ತಿಳಿಸಿದವರು ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು.

ಪಲ್ಲಾವರಂ ಸುತ್ತಲಿನ ಗುಡ್ಡಗಳಲ್ಲಿ ಎಷ್ಟೋ ಭಾಗ ಕ್ವಾರಿಗಳ ಪಾಲಾಗಿದೆ. ಅಗೆದ ಹಳ್ಳಗಳಲ್ಲಿ ಈಗ ನೀರು ನಿಂತಿದೆ. ಆ ಜಲ್ಲಿ ನಿಮ್ಮ ನಮ್ಮ ಮನೆಗಳ ತಾರಸಿಯಲ್ಲೂ ಸೇರಿರಬಹುದು. ಬೇರೆಯವರನ್ನಷ್ಟೇ ದೂರಿ ಫಲವಿಲ್ಲ. ಆದರೆ ಕೋಟಿಗಟ್ಟಲೆ ವರ್ಷ ಗಾಳಿಮಳೆಗೆ ಜಗ್ಗದ ಬಂಡೆ ನಮ್ಮ ಒಂದೆರಡು ತಲೆಮಾರುಗಳಲ್ಲೇ ಪುಡಿಯಾಯಿತಲ್ಲ ಎಂಬ ಅಳುಕಾದರೂ ನಮಗಿರಬೇಡವೇ?

ಮುಂದಿನ ಭಾನುವಾರ ಮಕ್ಕಳನ್ನು ಪರಂಗಿಮಲೆಗೆ ಕರೆದೊಯ್ಯಿರಿ. ಬಂಡೆಯನ್ನು ಮುಟ್ಟಿ ನೋಡಲಿ. ರಜೆಯಲ್ಲಿ ಊರಿಗೆ ಹೋದಾಗ ಬಿಳಿಗಿರಿಯ ಬಂಡೆಯನ್ನೂ ಮುಟ್ಟಲಿ. ಎರಡೂರುಗಳ ನಂಟು ಅವರಿಗೆ ಕೈಯಿಂದಲೇ ತಿಳಿದೀತು.