ಮಾಡದ ತಪ್ಪಿಗೆ ಇನ್ನೆಷ್ಟು ವರ್ಷ?

ಆಲ್ಪೈನ್ ಸ್ಕೀಯಿಂಗ್‌ನ ಸ್ಲಾಲಂ ಸ್ಪರ್ಧೆಯ ದಿನ ಬೆಳಿಗ್ಗೆ ಸ್ಪರ್ಧಿಗಳು ಕಂಬಗಳ ಗೇಟುಗಳ ಪಕ್ಕದಲ್ಲೇ ನಿಧಾನವಾಗಿ ಜಾರುತ್ತ ಇಳಿಜಾರನ್ನು ನೋಡಿಕೊಳ್ಳುತ್ತಾರೆ. ಕೆಂಪು ಕಂಬ, ನೀಲಿ ಕಂಬ, ಎಲ್ಲಿ ತಿರುವು ಬಿಗಿ, ಎಲ್ಲಿ ಹಿಮ ಗಟ್ಟಿ, ಎಲ್ಲವೂ ನೆನಪಿನಲ್ಲಿರಬೇಕು. ಆ ದಾರಿಯಲ್ಲಿ ಅಭ್ಯಾಸ ಮಾಡುವಂತಿಲ್ಲ. ಎರಡನೇ ಸುತ್ತಿಗೆ ಕಂಬಗಳನ್ನು ಕಿತ್ತು ಬೇರೆ ಕಡೆ ನೆಡುತ್ತಾರೆ. ಮತ್ತೆ ಮೊದಲಿನಿಂದ ಕಲಿಯಬೇಕು. ನೆನಪು, ಅಂದಾಜು, ಕ್ಷಣಾರ್ಧದ ತೀರ್ಮಾನ: ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಕಷ್ಟವಾಗುವುದು ಇವೇ. ಆದರೂ ಅವರು ಇಳಿಯುತ್ತಾರೆ. 2025ರ ಮಾರ್ಚ್‌ನಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಇಂಥವರಿಗಾಗಿಯೇ ಇರುವ ಸ್ಪೆಷಲ್ ಒಲಿಂಪಿಕ್ಸ್‌ನ ಚಳಿಗಾಲದ ಕೂಟ ನಡೆದಾಗ ಸೆಸ್ಟ್ರಿಯೆರೆಯ ಇಳಿಜಾರಿನಲ್ಲಿ ಭಾರತದ ಸ್ಕೀ ಪಟುಗಳೂ ಇದ್ದರು.

ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಮಾತ್ರ ಇವರಿಗೆ ಜಾಗವಿಲ್ಲ. ಅಲ್ಲಿನ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ನಿಂತು ಜಾರುವವರು, ಕೂತು ಜಾರುವವರು, ದೃಷ್ಟಿದೋಷ ಇರುವವರು, ಇಷ್ಟೇ ವಿಭಾಗ.

ಕಾರಣ ಹುಡುಕಿದರೆ ಹಿಮವೇ ಇಲ್ಲದ ಊರಿಗೆ ಹೋಗಬೇಕು. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ಪೇನ್ ಬ್ಯಾಸ್ಕೆಟ್‌ಬಾಲ್ ತಂಡದ 12 ಆಟಗಾರರಲ್ಲಿ 10 ಮಂದಿಗೆ ಯಾವ ಬೌದ್ಧಿಕ ಅಂಗವೈಕಲ್ಯವೂ ಇರಲಿಲ್ಲ. ಮೋಸ ಮಾಡಿದವರು ಅವರು, ಅವರನ್ನು ಆರಿಸಿ ಕಳಿಸಿದವರು. ಪ್ಯಾರಾಲಿಂಪಿಕ್ಸ್‌ನಿಂದ ಹೊರಬಿದ್ದವರು ಜಗತ್ತಿನ ಎಲ್ಲ ಬೌದ್ಧಿಕ ಅಂಗವಿಕಲ ಕ್ರೀಡಾಪಟುಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಅಲ್ಲವೇ? ತಂಡದಲ್ಲಿದ್ದ ಆ ಇಬ್ಬರು ನಿಜವಾದ ಅರ್ಹರ ಪದಕವೂ ಹೋಯಿತು. 1998ರ ನಾಗಾನೊ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಇವರಿಗೆ ತೆರೆದಿದ್ದ ಬಾಗಿಲೂ ಮುಚ್ಚಿತು.

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್‌ಗೆ ಇವರು ಮರಳಿದರು. ಅರ್ಹತೆಗೆ ಐಕ್ಯೂ 75 ಮೀರಿರಬಾರದು, ದೈನಂದಿನ ಬದುಕಿನಲ್ಲಿ ತೊಡಕಿರಬೇಕು, ಅದು ಎಳೆಯ ವಯಸ್ಸಿನಿಂದ ಬಂದದ್ದಾಗಿರಬೇಕು, ಮೇಲೆ ಆಯಾ ಆಟಕ್ಕೆ ತಕ್ಕ ಪರೀಕ್ಷೆ. ಈಜುಕೊಳದಲ್ಲಿ ಸಾಧ್ಯವಾದ ಪರೀಕ್ಷೆ ಹಿಮದಲ್ಲಿ ಅಸಾಧ್ಯವೇ?

ಸ್ಪೆಷಲ್ ಒಲಿಂಪಿಕ್ಸ್ ಇದೆಯಲ್ಲ ಎನ್ನುತ್ತಾರೆ. ಇದೆ, 1968ರಿಂದ ಇದೆ, ಲಕ್ಷಾಂತರ ಮನೆಗಳಿಗೆ ಬೆಳಕು ತಂದಿದೆ. ಸಮಬಲದವರನ್ನು ಗುಂಪು ಮಾಡಿ ಎಲ್ಲರಿಗೂ ಆಡಲು ಬಿಡುವುದು ಅದರ ಹಿರಿಮೆ. ಆದರೆ ಅತಿ ವೇಗದ ಕೆಲವರಿಗೆ ಜಗತ್ತಿನ ಅತಿ ಕಠಿಣ ಸ್ಪರ್ಧೆ ಬೇಕೆನಿಸಿದರೆ, ನಿಮಗೆ ಇಷ್ಟು ಸಾಕು ಎನ್ನಲು ನಾವು ಯಾರು?

1992ರಲ್ಲಿ ಫ್ರಾನ್ಸಿನ ತೀನ್‌ನ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಇವರು ಪ್ರದರ್ಶನ ಸ್ಪರ್ಧೆಯಾಗಿ ಆಲ್ಪೈನ್ ಸ್ಕೀಯಿಂಗ್ ಮಾಡಿ ತೋರಿಸಿದ್ದರು. 2030ರಲ್ಲಿ ಕೂಟ ಮತ್ತೆ ಫ್ರಾನ್ಸಿನ ಆಲ್ಪ್ಸ್‌ಗೆ ಬರುತ್ತಿದೆ. ಈ ಸಲ ಪದಕಕ್ಕಾಗಿ ಇಳಿಯಲು ಬಿಡಿ. ಭಾರತದ ಪ್ಯಾರಾಲಿಂಪಿಕ್ ಸಮಿತಿ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯ ಸದಸ್ಯ. ಅಲ್ಲಿ ಎದ್ದು ನಿಂತು ಇದನ್ನು ಕೇಳಲಿ. ಕೇಳುವಂತೆ ನಾವು ಒತ್ತಾಯಿಸೋಣ, ಪತ್ರ ಬರೆಯೋಣ, ಉತ್ತರ ಬರುವವರೆಗೂ ಬರೆಯೋಣ.